ಬೆಳಕು ಒಂದು ಮೊಳ ಓಡುವ ಹೊತ್ತು

ಹೋದ ತಿಂಗಳು ತಮ್ಮನ ಮಗಳ ಸೀಮಂತಕ್ಕೆಂದು ಸೇಲಂಗೆ ಹೋಗಿದ್ದೆ. ಆಟೋದವನು ಒಳಗೆ ಬರಲು ಒಲ್ಲೆ ಎಂದು ಬೀದಿಯ ತುದಿಯಲ್ಲೇ ಇಳಿಸಿ ಹೋದ. ಒಂದು ಕೈಯಲ್ಲಿ ಬ್ಯಾಗು, ಇನ್ನೊಂದರಲ್ಲಿ ಹೂವಿನ ಪೊಟ್ಟಣ ಹಿಡಿದು ನಾಲ್ಕು ಹೆಜ್ಜೆ ಇಟ್ಟವಳು ಹಾಗೇ ನಿಂತುಬಿಟ್ಟೆ. ಏನೋ ಸರಿಯಿಲ್ಲ ಅನ್ನಿಸಿತು. ಅದೇನೆಂದು ಕಿವಿಗೆ ಹೊಳೆಯುವ ಮೊದಲು ಕಾಲಿಗೆ ಗೊತ್ತಾಗಿತ್ತು. ನೆಲ ಅದುರುತ್ತಿರಲಿಲ್ಲ.

ನಾನು ಹುಟ್ಟಿ ಬೆಳೆದ ಬೀದಿ ಅದು. ಹಬ್ಬದ ದಿನ, ಕರೆಂಟು ಹೋದ ಹೊತ್ತು ಬಿಟ್ಟರೆ ಅಲ್ಲಿ ಅದುರದ ನೆಲವನ್ನು ನಾನು ಮೆಟ್ಟಿಯೇ ಇರಲಿಲ್ಲ. ಆಗ ಮನೆಮನೆಯಲ್ಲೂ ಪವರ್‌ಲೂಮ್ ಮಗ್ಗ. ಮನೆಯಲ್ಲಿ ಕನ್ನಡ ಆಡಿದರೂ ಮಗ್ಗಕ್ಕೆ ನಾವು ತಮಿಳಿನ ಹಾಗೆ ‘ತರಿ’ ಎಂದೇ ಅನ್ನುತ್ತಿದ್ದೆವು. ಲಾಳಿ ಆ ಕಡೆಯಿಂದ ಈ ಕಡೆಗೆ ಬಡಿಯುವ ಸದ್ದಿಗೆ ಅಡುಗೆಮನೆಯ ಲೋಟಗಳು ಹಗಲೂ ರಾತ್ರಿ ತಾವಾಗಿಯೇ ಕುಣಿಯುತ್ತಿದ್ದವು. ಅಮ್ಮ ಸಾರಿಗೆ ಉಪ್ಪು ಸಾಕೇ ಎಂದು ಕೇಳಬೇಕಾದರೂ ಕೂಗಿಯೇ ಕೇಳಬೇಕು. ನನ್ನ ಗಂಟಲು ದೊಡ್ಡದೆಂದು ಮೈಸೂರಿನಲ್ಲಿ ಗಂಡನ ಮನೆಯವರು ಇವತ್ತಿಗೂ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ ಬಿಡಿ. ತರಿಗಳ ನಡುವೆ ಬೆಳೆದವಳಿಗೆ ಪಿಸುಮಾತು ಎಲ್ಲಿಂದ ಬರಬೇಕು?

ಬೀದಿಯ ನಡುವೆ ಹೂವಿನ ಪೊಟ್ಟಣ ಹಿಡಿದು ನಿಂತಾಗ ತೊಂಬತ್ತರ ದಶಕದ ಒಂದು ಹಿಂಗಾರು ಮಳೆಗಾಲ ನೆನಪಾಗಿ ಮೈ ಜುಮ್ಮೆಂದಿತು. ಆ ವರ್ಷದ ವಿಜಯದಶಮಿಯ ಬೆಳಿಗ್ಗೆಯೂ ಬೀದಿ ಹೀಗೇ ಸುಮ್ಮನಿತ್ತು.

ನಮ್ಮ ಮನೆಗಳ ಹಿತ್ತಲ ಗೋಡೆಗೆ ಅಂಟಿಕೊಂಡೇ ಒಂದು ಕಾಲೇಜು. ಗೋಡೆಯ ಆ ಕಡೆ, ಮಹಡಿಯ ಮೇಲೆ, ಫಿಸಿಕ್ಸ್ ವಿಭಾಗದ ಒಂದು ಕೋಣೆ. ಅಲ್ಲಿ ನಾನು ಗುರುರಾಜ ಸಾರ್ ಕೈಕೆಳಗೆ ಪಿಎಚ್‌ಡಿ ಮಾಡುತ್ತಿದ್ದೆ. ಸಾರ್ ಧರ್ಮಪುರಿಯವರು, ಮನೆಮಾತು ಕನ್ನಡ. ಒಣಕಲು ದೇಹ, ಗಟ್ಟಿಯಾಗಿ ಮಾತಾಡಿದ್ದನ್ನು ಕೇಳಿದವರಿಲ್ಲ. ಅವರು ಗೊಣಗುವುದು, ನಾನು ಕಿರುಚುವುದು, ನಡುವೆ ತರಿಗಳ ಗದ್ದಲ. ನಮ್ಮ ಸಂಶೋಧನೆ ನಡೆದದ್ದೇ ಒಂದು ಪವಾಡ.

ನಮ್ಮ ಹತ್ತಿರ ಇದ್ದ ಆಸ್ತಿಯೆಂದರೆ ಒಂದು ಹರಳು. ಕಿರುಬೆರಳ ಉಗುರಿಗಿಂತ ಚಿಕ್ಕದು. ಅದರ ಮೇಲೆ ಕಪ್ಪಗೆ ಹೊಳೆಯುವ ತೆಳು ಲೇಪ. ಇಟ್ರಿಯಂ, ಬೇರಿಯಂ, ತಾಮ್ರ, ಆಮ್ಲಜನಕ ಬೆರೆತ ಲೇಪ ಅದು. ಆ ಲೇಪವನ್ನು ತಲೆಗೂದಲಿಗಿಂತ ಸಣ್ಣ ಗೆರೆಯಾಗಿ ಕೊರೆದಿದ್ದರು. ಚೆನ್ನಾಗಿ ತಣ್ಣಗೆ ಮಾಡಿದರೆ ಆ ಗೆರೆಯಲ್ಲಿ ವಿದ್ಯುತ್ತು ಒಂದಿಷ್ಟೂ ತಡೆಯಿಲ್ಲದೆ ಹರಿಯುತ್ತದೆ. ಅತಿವಾಹಕ ಎನ್ನುವುದು ಅದಕ್ಕೇ. ಹಳೆಯ ಅತಿವಾಹಕಗಳಿಗೆ ದ್ರವ ಹೀಲಿಯಂ ಬೇಕು, ಅದು ನಮ್ಮಂಥ ಕಾಲೇಜಿನವರ ಕನಸಿಗೂ ಬಾರದ ವಸ್ತು. ಈ ಹೊಸದಕ್ಕೆ ದ್ರವ ನೈಟ್ರೋಜನ್ ಸಾಕಿತ್ತು. ಆದರೆ ನೀರೆಂದರೆ ಇದಕ್ಕೆ ಆಗದು. ಮಳೆಗಾಲದ ತೇವದ ಗಾಳಿಯೂ ಲೇಪವನ್ನು ಮೆಲ್ಲಗೆ ತಿನ್ನುತ್ತದೆ. ಹಾಗಾಗಿ ಹರಳನ್ನು ತೇವ ಹೀರುವ ಕಾಳುಗಳ ಡಬ್ಬಿಯಲ್ಲಿಟ್ಟು, ಮಗುವನ್ನು ಕಾದಂತೆ ಕಾಯುತ್ತಿದ್ದೆವು.

ದ್ರವ ನೈಟ್ರೋಜನ್ ಬರುತ್ತಿದ್ದದ್ದು ದನಗಳ ಇಲಾಖೆಯಿಂದ! ನಗಬೇಡಿ. ಹಸುಗಳಿಗೆ ಗಬ್ಬ ನಿಲ್ಲಿಸುವ ಇಂಜೆಕ್ಷನ್ನಿಗೆ, ಅಂದರೆ ನಮ್ಮ ಕಡೆಯವರು ‘ಸಿನೈ ಊಸಿ’ ಅನ್ನುವುದಕ್ಕೆ, ಒಳ್ಳೆ ಜಾತಿಯ ಹೋರಿಯ ವೀರ್ಯವನ್ನು ಅದರಲ್ಲೇ ಅದ್ದಿ ಇಡುತ್ತಾರೆ. ನನ್ನ ಸೋದರಮಾವ ಮುನಿಯಪ್ಪ ಪಾಪಿರೆಡ್ಡಿಪಟ್ಟಿಯ ದನದ ಆಸ್ಪತ್ರೆಯಲ್ಲಿದ್ದ. ಸಾರ್ ಮೇಲಿನವರಿಗೆ ಬರೆದು ಅನುಮತಿ ಪಡೆದಿದ್ದರು. ಮಾವ ಒಂದು ದೊಡ್ಡ ಕ್ಯಾನು ತುಂಬಿಸಿಕೊಂಡು ಬಸ್ಸಿನಲ್ಲಿ ತರುತ್ತಿದ್ದ. ಅದರ ಬಾಯಿಂದ ಸದಾ ಬಿಳಿ ಹೊಗೆ. ಒಮ್ಮೆ ಕಂಡಕ್ಟರ್ ಗಾಬರಿಯಾಗಿ, “ಎನ್ನಾಂಗ ಅದು, ಬಾಂಬಾ?” ಎಂದು ಕೇಳಿದನಂತೆ. ಮಾವ ತಣ್ಣಗೆ, “ಬಾಂಬ್ ಇಲ್ಲೆ ತಂಬಿ, ಉಳ್ಳೆ ಕಾಳೈ ಇರುಕ್ಕು” ಅಂದನಂತೆ. ಒಳಗೆ ಹೋರಿ ಇದೆ ಎಂದು! ಅಂದಿನಿಂದ ಆ ಬಸ್ಸಿನಲ್ಲಿ ಕ್ಯಾನಿನ ಪಕ್ಕದ ಸೀಟು ಖಾಲಿ.

ಇಷ್ಟೆಲ್ಲ ಯಾಕೆಂದರೆ ಬೆಳಕನ್ನು ಹಿಡಿಯುವುದಕ್ಕೆ. ಕಣ್ಣು ಮಿಟುಕಿಸುವುದು ಇದರ ಮುಂದೆ ಒಂದು ಯುಗ, ಅಷ್ಟು ಚಿಕ್ಕ ಮಿಂಚನ್ನು ಹಿಡಿಯುವುದಕ್ಕೆ. ತಣ್ಣಗಿನ ಲೇಪದಲ್ಲಿ ಎಲೆಕ್ಟ್ರಾನುಗಳು ಜೋಡಿ ಜೋಡಿಯಾಗಿ ಓಡಾಡುತ್ತವೆ. ಬೆಳಕು ತಗುಲಿದ ಕೂಡಲೇ ಜೋಡಿಗಳು ಮುರಿಯುತ್ತವೆ. ಲೇಪ ಬಿಸಿಯಾಗುವುದು, ಆ ಬಿಸಿ ಹರಳಿಗೆ ಇಳಿದು ತಣಿಯುವುದು ಅದಾದ ಮೇಲೆ. ಸಾರ್ ಇದನ್ನು ನನಗೆ ಮೊದಲ ದಿನ ಹೇಳಿದ್ದು ಹೀಗೆ: “ದೋಸೆ ಕಲ್ಲಿಗೆ ನೀರು ಚಿಮುಕಿಸ್ತೀಯಲ್ಲಮ್ಮ, ಚುರ್ ಅನ್ನೋದು ಬೇರೆ, ಕಲ್ಲು ತಣಿಯೋದು ಬೇರೆ. ಎಲ್ಲರೂ ಕಲ್ಲು ನೋಡ್ತಾರೆ. ನಮಗೆ ಆ ಚುರ್ ಬೇಕು.” ಆ ಚುರ್ ಸಿಕ್ಕರೆ, ಎಂಥ ಚುರುಕು ಕಿರಣವನ್ನೂ ಈ ಹರಳು ಹಿಡಿಯಬಲ್ಲದು ಎಂದು ಲೋಕಕ್ಕೆ ತೋರಿಸಬಹುದಿತ್ತು.

ಮಿಂಚಿಗೆ ನಾವೇ ಒಂದು ಲೇಸರ್ ಕಟ್ಟಿದ್ದೆವು. ಎರಡು ಲೋಹದ ಪಟ್ಟಿಗಳ ನಡುವೆ ಗಾಳಿ, ಪಕ್ಕದಲ್ಲಿ ಕಿಡಿ ಹಾರುವ ಒಂದು ಸಂದು. ಗುಂಡಿ ಒತ್ತಿದರೆ ಫಟ್ ಎಂದು ಕಿಡಿ, ಕಣ್ಣಿಗೆ ಕಾಣದ ನೇರಳಾತೀತ ಬೆಳಕಿನ ಒಂದು ಚಿಟಿಕೆ. ಹರಳು ಕೊಟ್ಟ ಉತ್ತರವನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸಲು ವೇಗದ ಆಸಿಲೋಸ್ಕೋಪ್ ಬೇಕಿತ್ತು. ಅದನ್ನು ಸಾರ್ ಅವರ ಹಳೆಯ ಗೆಳೆಯರೊಬ್ಬರು ತಮ್ಮ ದೊಡ್ಡ ಲ್ಯಾಬಿನಿಂದ ಎರವಲು ಕೊಡಿಸಿದ್ದರು. ಆಯುಧಪೂಜೆ ಮುಗಿಯುತ್ತಿದ್ದಂತೆ ಅದು ವಾಪಸ್ ಹೋಗಬೇಕು.

ಎಲ್ಲ ಇತ್ತು, ಕಾಣುವುದೊಂದೇ ಆಗುತ್ತಿರಲಿಲ್ಲ. ನೂರಾರು ತರಿಗಳು ಬಡಿಯುವಾಗ ಮಹಡಿ ಅದುರುತ್ತದೆ, ಬೆಳಕಿನ ಚುಕ್ಕೆ ಆ ಕೂದಲೆಳೆಯ ಗೆರೆಯಿಂದ ಜಾರಿ ಎಲ್ಲೋ ಬೀಳುತ್ತದೆ. ಮೋಟಾರುಗಳ ಗದ್ದಲ ಕರೆಂಟಿನ ತಂತಿ ಹಿಡಿದು ಒಳಗೆ ಬಂದು ಪರದೆಯ ತುಂಬ ಹುಲ್ಲು ಬೆಳೆದಂತೆ ಗೆರೆಗಳು. ಕರೆಂಟು ಹೋದರೆ ತರಿ ನಿಲ್ಲುತ್ತದೆ, ನಿಜ. ಆದರೆ ನಮ್ಮ ಸ್ಕೋಪೂ ನಿಲ್ಲುತ್ತದಲ್ಲ!

ಆಡಿ ತಿಂಗಳಲ್ಲಿ, ಅಂದರೆ ಆಷಾಢದ ಹೊತ್ತಿಗೆ, ಒಂದು ದಿನ ಮಾತ್ರ ಅದೃಷ್ಟ ಖುಲಾಯಿಸಿತು. ಬೀದಿಯ ಟ್ರಾನ್ಸ್‌ಫಾರ್ಮರಿನಲ್ಲಿ ಫ್ಯೂಸ್ ಹೋಯಿತು, ಮೇಲಿನ ಲೈನು ಒಂದೇ ಆದರೂ ಕಾಲೇಜಿನ ಟ್ರಾನ್ಸ್‌ಫಾರ್ಮರ್ ಬೇರೆ, ಅಲ್ಲಿ ಕರೆಂಟು ಇತ್ತು. ತಟಕ್ಕನೆ ಲೋಕವೇ ಸುಮ್ಮನಾಯಿತು. ಸಾರ್ ಗುಂಡಿ ಒತ್ತಿದರು. ಪರದೆಯ ಮೇಲೆ ಸೂಜಿಯಂಥ ಒಂದು ಗೆರೆ ನೆಟ್ಟಗೆ ಎದ್ದಿತು. ಅದರ ಹಿಂದೆ ಮೆಲ್ಲಗೆ ಇಳಿಯುವ ಬಾಲ. ಸೂಜಿಯೇ ಆ ಚುರ್, ಬಾಲವೇ ಬಿಸಿ. ನಾನು ಬಾಯಿ ತೆರೆದುಕೊಂಡು ನೋಡುತ್ತಲೇ ಇದ್ದೆ. ಅಷ್ಟರಲ್ಲಿ ಲೈನ್‌ಮನ್ ಫ್ಯೂಸ್ ಕಟ್ಟಿದ, ಬೀದಿ ಮತ್ತೆ ಗುಡುಗಿತು, ಗೆರೆ ಮುಳುಗಿತು.

ಸಾರ್ ಅದನ್ನು ಮದರಾಸಿನ ಒಂದು ಸಭೆಯಲ್ಲಿ ಹೇಳಿದರು. ಮುಂದಿನ ಸಾಲಿನಲ್ಲಿದ್ದ ದೊಡ್ಡ ವಿಜ್ಞಾನಿಯೊಬ್ಬರು ಎದ್ದು ಒಂದೇ ಪ್ರಶ್ನೆ ಕೇಳಿದರು. ಲೇಸರಿನ ಕಿಡಿಯೂ ರೇಡಿಯೋದ ಹಾಗೆ ಅಲೆ ಎಬ್ಬಿಸುತ್ತದೆ, ನೀವು ಕಂಡದ್ದು ಆ ಕಿಡಿಯ ಗದ್ದಲ ಯಾಕಾಗಿರಬಾರದು? ಬೆಳಕಿಗೆ ಏನಾದರೂ ಅಡ್ಡ ಹಿಡಿದು ನೋಡಿದಿರಾ? ಅಡ್ಡ ಹಿಡಿದರೆ ಬೆಳಕು ನಿಲ್ಲುತ್ತದೆ, ಕಿಡಿಯ ಅಲೆ ನಿಲ್ಲುವುದಿಲ್ಲ. ಎಷ್ಟು ಸುಲಭದ ಪರೀಕ್ಷೆ! ನಾವು ಬೆಪ್ಪುತಕ್ಕಡಿಗಳ ಹಾಗೆ ಗೆರೆ ನೋಡಿ ಮೈಮರೆತಿದ್ದೆವು. ಸಾರ್ ಮೈಕಿನ ಮುಂದೆ ನಿಂತು, “ಇಲ್ಲ, ನೋಡಲಿಲ್ಲ” ಎಂದರು. ಸಭೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆ ನಗು ನನಗೆ ಈಗಲೂ ಕೇಳಿಸುತ್ತದೆ.

ಸೇಲಂಗೆ ಮರಳುವ ರೈಲಿನಲ್ಲಿ ಸಾರ್ ಕಿಟಕಿಯ ಕಡೆ ತಿರುಗಿ ಕೂತಿದ್ದರು. ಜೋಲಾರ್‌ಪೇಟೆ ದಾಟಿದ ಮೇಲೆ, “ಅವರು ಕೇಳಿದ್ದು ನ್ಯಾಯವೇ ಅಲ್ವೇನಮ್ಮ” ಎಂದರು. ಆ ಗೆರೆ ಬೆಳಕಿನದೇ ಎಂದು ತೋರಿಸಲಾಗದಿದ್ದರೆ ನನ್ನ ಇಷ್ಟು ವರ್ಷದ ಕೆಲಸ ನೀರಲ್ಲಿ ಹೋಮ. ಅದಕ್ಕಿಂತ ಹೆಚ್ಚಾಗಿ ಸಾರ್ ಅವರ ಮಾತು ಸುಳ್ಳಾಗುತ್ತಿತ್ತು. ಸುಳ್ಳೇ ಆಡದ ಮನುಷ್ಯ ಅವರು.

ಲೈನ್‌ಮನ್‌ಗೆ ಹೇಳಿ ಇನ್ನೊಮ್ಮೆ ಫ್ಯೂಸ್ ತೆಗೆಸೋಣ ಎಂದೆ. ಸಾರ್ ಒಪ್ಪಲಿಲ್ಲ. “ದೀಪಾವಳಿ ಸೀರೆಗಳು ನೇಯೋ ಹೊತ್ತು. ಇನ್ನೊಬ್ಬರ ಕೆಲಸ ನಿಲ್ಲಿಸಿ ನಾವು ನಮ್ಮ ಕೆಲಸ ಮಾಡೋದಾ?” ಎಂದರು. ಹಾಗಾದರೆ ಆಯುಧಪೂಜೆ ಇದೆಯಲ್ಲ, ಅವತ್ತು ತರಿಗಳೆಲ್ಲ ತಾವಾಗಿಯೇ ನಿಲ್ಲುತ್ತವೆ, ಅವತ್ತು ಮಾಡೋಣ ಎಂದೆ. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡಿದ್ದೆ. ಸಾರ್ ತಲೆ ಅಲ್ಲಾಡಿಸಿದರು.

“ಅವತ್ತು ಉಪಕರಣ ಮುಟ್ಟೋ ಹಾಗಿಲ್ಲ ಗಿರಿಜಾ.”

“ಫಿಸಿಕ್ಸ್‌ಗೆ ಯಾವ ಪೂಜೆ ಸಾರ್?”

“ಫಿಸಿಕ್ಸ್‌ಗಲ್ಲ, ನಮಗೆ. ವರ್ಷವೆಲ್ಲ ದುಡಿಸ್ಕೊಂಡಿದ್ದೀವಿ. ಒಂದು ದಿನ ಅವು ಸುಮ್ನೆ ಇರಲಿ ಬಿಡು.”

ನನಗೆ ಮೈ ಉರಿದುಹೋಯಿತು. ಆಯುಧಪೂಜೆಯ ಮಾರನೆಯ ದಿನ ವಿಜಯದಶಮಿ. ಬೆಳಿಗ್ಗೆ ಒಳ್ಳೆಯ ಹೊತ್ತಿಗೆ ಸಾರ್ ಪೂಜೆ ಇಳಿಸಿ, ಹೂವು ಹಾರ ತೆಗೆದು, ಉಪಕರಣ ಮುಟ್ಟುತ್ತಾರೆ, ಸರಿ. ಆದರೆ ಬೀದಿಯಲ್ಲಿ ತರಿಗಳ ಪೂಜೆ ಇಳಿಯುವುದೂ ಅದೇ ಹೊತ್ತಿಗೆ. ಮಧ್ಯಾಹ್ನಕ್ಕೆ ಸ್ಕೋಪ್ ಒಯ್ಯಲು ಜನ ಬರುತ್ತಾರೆ. ಇನ್ನೇನು ಉಳಿಯಿತು, ಮಣ್ಣು!

ಆಯುಧಪೂಜೆಯ ದಿನ ಬೆಳಗಿನಿಂದ ಜಿಟಿಜಿಟಿ ಮಳೆ. ಮಾವ ಕ್ಯಾನು ತಂದಿಳಿಸಿ ಊರಿಗೆ ಹೋದ. ಸಾರ್ ಪ್ರತಿಯೊಂದು ಪೆಟ್ಟಿಗೆಯನ್ನೂ ಒರೆಸಿ, ಗಂಧ ಕುಂಕುಮ ಇಟ್ಟು, ಲೇಸರಿಗೆ ಸೇವಂತಿಗೆ ಹಾರ ಹಾಕಿದರು. ಗಂಧದ ಬಟ್ಟಲು ಹರಳಿನ ಡಬ್ಬಿಯ ಕಡೆ ಬಂದಾಗ ನಾನು ಅಡ್ಡ ನಿಂತೆ. ಸಾರ್ ನಕ್ಕು, ಡಬ್ಬಿಯ ಮುಚ್ಚಳಕ್ಕೆ ಒಣ ಕುಂಕುಮವನ್ನಷ್ಟೇ ಇಟ್ಟರು. ಕಡಲೆಪುರಿ ಕೊಟ್ಟು ಬಾಗಿಲು ಹಾಕಿದರು. ಒಳಗೆ ಕ್ಯಾನಿನಿಂದ ನೈಟ್ರೋಜನ್ ಬುಸಬುಸನೆ ಆವಿಯಾಗುತ್ತಲೇ ಇತ್ತು. ಅದಕ್ಕೆಲ್ಲಿಯ ಪೂಜೆ, ಎಲ್ಲಿಯ ರಜೆ.

ಮನೆಗೆ ಬಂದರೆ ಅಪ್ಪ ತರಿಗಳಿಗೆ ಮಂಗಳಾರತಿ ಮಾಡುತ್ತಿದ್ದರು. ತೊಳೆದು, ಎಣ್ಣೆ ಹಚ್ಚಿ, ಬಾಳೆಕಂದು ಕಟ್ಟಿದ ತರಿಗಳು. ಬೀದಿ ಸುಮ್ಮನಿತ್ತು. ಮಳೆಯ ಸದ್ದು ಕೇಳುತ್ತಿತ್ತು, ಯಾರದೋ ಮನೆಯ ಮಗು ಅಳುವುದು ಕೇಳುತ್ತಿತ್ತು. ಇಷ್ಟು ಒಳ್ಳೆಯ ಮೌನ ಸುಮ್ಮನೆ ವ್ಯರ್ಥವಾಗಿ ಹೋಗುತ್ತಿದೆಯಲ್ಲ ಎಂದು ನನಗೆ ಅಳು ಬಂತು. ಅತ್ತೇಬಿಟ್ಟೆ.

“ಏನ್ ಕಣ್ಣು, ಅಬ್ಬದ ದಿನ ಕಣ್ಣೀರಾ? ಏನಾಯ್ತು?” ಅಪ್ಪ ಆರತಿ ತಟ್ಟೆ ಹಿಡಿದುಕೊಂಡೇ ಬಂದರು. ಮುದ್ದು ಬಂದರೆ ತಮಿಳರ ಹಾಗೆ ನನ್ನನ್ನು ‘ಕಣ್ಣು’ ಅನ್ನುತ್ತಿದ್ದರು.

ಎಲ್ಲ ಬಾಯಿಬಿಟ್ಟೆ. ಹರಳು, ಕಿಡಿ, ಮದರಾಸಿನ ನಗು, ಸಾರ್ ಅವರ ಹಟ, ಎಲ್ಲ. ಅಪ್ಪನಿಗೆ ಅರ್ಥವಾದದ್ದು ಒಂದೇ ಮಾತು.

“ನಮ್ ತರಿ ಓಡೋದ್ರಿಂದ ನಿಂಗೆ ಕಾಣಾಕಿಲ್ವಾ? ಇಷ್ಟ್ ದಿನ ಯಾಕ್ ಬಾಯ್ ಬಿಡ್ಲಿಲ್ಲಾ ನೀನು?”

“ಅದರಲ್ಲೇ ಅಲ್ವಾ ಅಪ್ಪಾ ನಾವ್ ಉಣ್ಣೋದು. ಎಂಗ್ ಕೇಳ್ಲಿ?”

ಅಪ್ಪ ತಟ್ಟೆ ಕೆಳಗಿಟ್ಟು, ಟವೆಲು ಹೆಗಲಿಗೆ ಹಾಕಿ, “ಎದ್ದು ಬಾ” ಎಂದರು.

ನಮ್ಮ ಬೀದಿಗೊಂದು ಪದ್ಧತಿ ಇತ್ತು. ವಿಜಯದಶಮಿಯ ಬೆಳಿಗ್ಗೆ ಮೊದಲ ತರಿ ಓಡಬೇಕಾದದ್ದು ರಂಗಪ್ಪ ತಾತನ ಮನೆಯಲ್ಲಿ. ಬೀದಿಗೆಲ್ಲ ಹಿರಿಯ ಅವರು, ಕೈಮಗ್ಗದ ಕಾಲದವರು. ಅವರ ತರಿಯ ಸದ್ದು ಕೇಳಿದ ಮೇಲೆ ಪಕ್ಕದ ಮನೆಯವರು ಸ್ವಿಚ್ ಹಾಕಬೇಕು, ಆಮೇಲೆ ಅದರ ಪಕ್ಕದವರು. ಅದಕ್ಕೆ ‘ಮೊದಲ ಕೈ’ ಎಂದು ಹೆಸರು. ಮೊದಲ ಕೈ ಬೀಳದೆ ಯಾರೂ ತರಿ ಹಾಕರು. ಅಪ್ಪ ನನ್ನನ್ನು ಕರೆದುಕೊಂಡು ಹೋದದ್ದು ತಾತನ ಜಗುಲಿಗೆ.

ತಾತ ಗೋಡೆಗೊರಗಿ ಎಲೆ ಅಡಿಕೆ ಮೆಲ್ಲುತ್ತಿದ್ದರು. ಅಪ್ಪ ವಿಷಯ ಹೇಳಿ, “ನಾಳೆ ಮೊದಲ ಕೈ ಸೊಲ್ಪ ತಡ ಮಾಡಿ ಮಾಮಾ, ಪಾಪ ಅದೇನೋ ಒಂದು ಬೆಳಕು ನೋಡ್ಕೊಳ್ಳಲಿ” ಎಂದರು. ತಾತ ನನ್ನ ಮುಖ ನೋಡಿದರು.

“ಏನ್ಲೇ ಗಿರಿಜಾ, ಎಷ್ಟೊತ್ತು ಇರ್ತದೆ ನಿನ್ ಬೆಳಕು?”

ಹೇಗೆ ಹೇಳುವುದು? ಸೆಕೆಂಡಿನ ನೂರು ಕೋಟಿಯಲ್ಲಿ ಒಂದೆರಡು ಪಾಲು ಎಂದರೆ ಅವರಿಗಿರಲಿ, ನಿಜ ಹೇಳಬೇಕೆಂದರೆ ನನಗೂ ಅದು ಬರೀ ಸೊನ್ನೆಗಳ ಸಾಲು. ತಾತನ ಪಕ್ಕದಲ್ಲಿ ಹೊಸ ಸೀರೆಯ ಮಡಿಕೆ ಇತ್ತು. ಮೊಳ ಹಾಕಿ ಅಳೆಯುವ ಜನ ನಾವು. ಮೊಣಕೈಯಿಂದ ಬೆರಳ ತುದಿಯವರೆಗೆ ತೋರಿಸಿ ಹೇಳಿದೆ.

“ಬೆಳಕು ಇಷ್ಟು ದೂರ ಓಗೋಷ್ಟು ಹೊತ್ತು ತಾತಾ. ಒಂದು ಮೊಳ.”

“ಸ್ವಿಚ್ ಹಾಕುದ್ರೆ ಬೆಳಕು ಆ ಮೂಲೆಗೆ ಆಗ್ಲೇ ಓಗಿರ್ತದೆ. ಒಂದ್ ಮೊಳಕ್ಕೆ ಹೊತ್ತು ಎಲ್ಲೈತೆ?”

“ಐತೆ ತಾತಾ. ಅದನ್ನೇ ನಾವು ಅಳೆಯೋದು. ಮೊದಲು ಒಂದು ಏಟು, ಅದು ಒಂದು ಮೊಳ. ಅದಕ್ಕಿಂತ ಚುರುಕಾಗೇ ಮುಗೀತದೆ, ನಮ್ಮ ಪೆಟ್ಟಿಗೆಗೆ ಅಷ್ಟೇ ಅಳೆಯಾಕೆ ಬರೋದು. ಆಮೇಲೆ ಬಿಸಿ ಇಳಿಯೋದು, ಅದು ಒಂದು ಸೀರೆ ಉದ್ದ.”

ತಾತ ಮೆಲ್ಲುವುದನ್ನು ನಿಲ್ಲಿಸಿದರು. ಸೀರೆಯ ಅಂಚನ್ನು ಮೊಣಕೈಗೆ ಹಿಡಿದು, ಬೆರಳ ತುದಿಗೆ ಎಳೆದು, ಅದನ್ನೇ ಬಹಳ ಹೊತ್ತು ನೋಡಿದರು. “ಅಡ ಕಡವುಳೇ” ಎಂದರು ತಮಿಳಿನಲ್ಲಿ, ತಮಗೆ ತಾವೇ. ಅಯ್ಯೋ ದೇವರೇ ಎಂಬಂತೆ. ಹುಟ್ಟಿದಾಗಿನಿಂದ ಅಳೆದ ಮೊಳವನ್ನು ಅವರು ಅವತ್ತು ಹೊಸದಾಗಿ ನೋಡುತ್ತಿದ್ದರು. ನನಗೂ ಹಾಗೇ ಆಯಿತು. ವರ್ಷಗಟ್ಟಲೆ ಬರೆದು ಗುಣಿಸಿದ್ದು ನನ್ನ ಕೈಯಳತೆಗೆ ಇಳಿದದ್ದು ಆ ಜಗುಲಿಯ ಮೇಲೆ.

“ತಡ ಮಾಡಾಕಾಗಲ್ಲ,” ಎಂದರು ತಾತ. “ಒಳ್ಳೆ ಹೊತ್ತಲ್ಲಿ ಮೊದಲ ಕೈ ಬೀಳಲೇಬೇಕು. ತರಿ ಮೇಲೇ ಬೀಳಬೇಕು ಅಂತ ಯಾರಂದ್ರು? ನಾನೇ ಬತ್ತೀನಿ ನಿನ್ ಪೆಟ್ಟಿಗೆ ತಾವ.”

ಅಪ್ಪ ಅವತ್ತು ಸಂಜೆ ಛತ್ರಿ ಹಿಡಿದು ಮನೆಮನೆಗೂ ಹೋದರು. ಹಬ್ಬದ ಕೆಲಸವನ್ನು ಒಂದು ಬೆಳಗ್ಗೆ ನಿಲ್ಲಿಸುವುದು ಯಾರಿಗೂ ಹಗುರವಲ್ಲ. ಒಬ್ಬಿಬ್ಬರು ಮುಖ ಸಿಂಡರಿಸಿದರಂತೆ. ಆದರೆ ತಾತನ ಮಾತನ್ನು ಮೀರಿದವರಿಲ್ಲ. ನಾನು ಗೋಡೆ ಸುತ್ತಿ ಸಾರ್ ಮನೆಗೆ ಓಡಿದೆ. ಸಾರ್ ಎಲ್ಲ ಕೇಳಿದರು. ಆಮೇಲೆ, “ನಾನು ಕೇಳಬಾರದು ಅಂತಿದ್ದೆ. ಅವರಾಗಿಯೇ ಕೊಟ್ಟರೆ ಬೇಡ ಅನ್ನೋದು ಅಹಂಕಾರ” ಎಂದು ಕಣ್ಣಡಕ ಒರೆಸಿಕೊಂಡರು.

ವಿಜಯದಶಮಿಯ ಬೆಳಿಗ್ಗೆ ಮಳೆ ಬಿಟ್ಟಿತ್ತು. ತಾತ ಗರಿಗರಿ ಬಿಳಿ ವೇಷ್ಟಿ, ಅಂದರೆ ಪಂಚೆ, ಉಟ್ಟು, ಸೊಂಟಕ್ಕೆ ಎಲೆಅಡಿಕೆ ಚೀಲ ಸಿಕ್ಕಿಸಿಕೊಂಡು ಮಹಡಿ ಹತ್ತಿ ಬಂದರು. ಸಾರ್ ಕೈಮುಗಿದು ಕುರ್ಚಿ ಹಾಕಿದರು, ಪೂಜೆ ಇಳಿಸಿದರು. ನಾನು ಹರಳನ್ನು ಕೊಳವೆಯೊಳಗೆ ಕೂರಿಸಿ, ಹೊಗೆಯಾಡುವ ನೈಟ್ರೋಜನ್ ಸುರಿದೆ. ಲೇಸರಿನ ದಾರಿ ಸರಿಮಾಡಿದೆ. ಚುಕ್ಕೆಯನ್ನು ಗೆರೆಯ ಮೇಲೆ ನಿಲ್ಲಿಸಿದೆ. ಅದು ನಿಂತಿತು! ನಡುಗದೆ, ಜಾರದೆ, ಇಟ್ಟಲ್ಲೇ ನಿಂತಿತು. ಪರದೆ ಸ್ವಚ್ಛವಾಗಿತ್ತು, ಒಂದೇ ಒಂದು ಹುಲ್ಲಿಲ್ಲ.

ಕಿಟಕಿಯಿಂದ ಕೆಳಗೆ ನೋಡಿದೆ. ಸಾಲುಮನೆಗಳ ಹಿತ್ತಲ ಬಾಗಿಲಲ್ಲೆಲ್ಲ ಜನ. ಹೆಂಗಸರು ಮಕ್ಕಳನ್ನು ಸೊಂಟಕ್ಕೇರಿಸಿಕೊಂಡು, ಗಂಡಸರು ಬಾಗಿಲ ಚೌಕಟ್ಟಿಗೆ ಒರಗಿಕೊಂಡು, ಎಲ್ಲರ ಮುಖವೂ ನಮ್ಮ ಕಿಟಕಿಯ ಕಡೆ. ಅಪ್ಪ ಗೋಡೆಯ ಪಕ್ಕ ನಿಂತು ತಲೆ ಎತ್ತಿದ್ದರು. ಒಬ್ಬರೂ ಮಾತಾಡುತ್ತಿರಲಿಲ್ಲ. ಕೂಗಿ ಮಾತಾಡುವುದೇ ಜನ್ಮವಾದವರು ನನಗಾಗಿ ಉಸಿರು ಬಿಗಿಹಿಡಿದಿದ್ದರು.

ಸಾರ್ ತಾತನ ಕೈಯನ್ನು ಮೆಲ್ಲಗೆ ಗುಂಡಿಯ ಮೇಲೆ ಇಟ್ಟರು. “ಒಳ್ಳೆ ಹೊತ್ತು ಬಂತು. ಮೊದಲ ಕೈ ನಿಮ್ಮದೇ” ಎಂದರು.

ತಾತ ಕಣ್ಣು ಮುಚ್ಚಿ ಏನೋ ಗೊಣಗಿಕೊಂಡು ಒತ್ತಿದರು. ಫಟ್! ಕಿಡಿ ಹಾರಿತು. ಲೇಸರಿನಿಂದ ಚದುರಿದ ಕಾಣದ ಬೆಳಕಿಗೆ ತಾತನ ಹೊಸ ವೇಷ್ಟಿಯ ಅಂಚು ಕ್ಷಣಮಾತ್ರ ನೀಲಿಯಾಗಿ ಬೆಳಗಿತು. ತಾತ ಬೆಚ್ಚಿಬಿದ್ದು ವೇಷ್ಟಿ ಕೊಡವಿಕೊಂಡರು. ನಾನು ಪರದೆ ನೋಡಿದೆ. ಸೂಜಿ ಎದ್ದು ನಿಂತಿತ್ತು. ನೆಟ್ಟಗೆ, ತೆಳ್ಳಗೆ. ಅದರ ಹಿಂದೆ ಬಾಲ.

“ಅಡ್ಡ ಹಿಡಿ” ಎಂದರು ಸಾರ್. ಕೈಗೆ ಏನೂ ಸಿಗಲಿಲ್ಲ. ಕಪ್ಪು ರಟ್ಟು ಅಂತ ಒಂದು ಇಟ್ಟಿದ್ದೆ, ಪೂಜೆಯ ಗಡಿಬಿಡಿಯಲ್ಲಿ ಎಲ್ಲಿ ಹೋಯಿತೋ! ತಾತನ ಚೀಲಕ್ಕೆ ಕೈಹಾಕಿ ಒಂದು ವೀಳ್ಯದೆಲೆ ಎಳೆದೆ, ಚಿಮಟದಲ್ಲಿ ಹಿಡಿದು ಬೆಳಕಿನ ದಾರಿಗೆ ಅಡ್ಡ ಒಡ್ಡಿದೆ.

ಫಟ್! ಅದೇ ಕಿಡಿ, ಅದೇ ಸದ್ದು. ಪರದೆಯ ಮೇಲೆ ಮಾತ್ರ ನೇರ ಗೆರೆ. ಏನೂ ಇಲ್ಲ.

ಎಲೆ ತೆಗೆದೆ. ಫಟ್. ಸೂಜಿ ಎದ್ದಿತು. ಎಲೆ ಹಿಡಿದೆ. ಇಲ್ಲ. ತೆಗೆದೆ. ಎದ್ದಿತು. ಎಷ್ಟು ಸಲ ಮಾಡಿದೆವೋ, ಲೆಕ್ಕವಿಲ್ಲ. ಸಾರ್ ಕ್ಯಾಮೆರಾ ಕ್ಲಿಕ್ಕಿಸುತ್ತಲೇ ಇದ್ದರು. ಕೊನೆಗೆ ಕ್ಯಾಮೆರಾ ಇಳಿಸಿ, ನಾನು ಅವರಿಂದ ಎಂದೂ ಕೇಳದಷ್ಟು ಗಟ್ಟಿಯಾಗಿ, “ಬೆಳಕೇ!” ಎಂದರು. “ಬೆಳಕೇ ಅಮ್ಮ ಅದು, ಬೆಳಕೇ!”

ನಾನು ಅಲ್ಲಿ ಕಂಡದ್ದನ್ನು ಈಗ ಹೇಳಲು ಹೋದರೆ ಮಾತು ಸಾಲದು. ಹಿತ್ತಲಲ್ಲಿ ಬೆಳೆದ ಒಂದು ಎಲೆ, ದನದ ಆಸ್ಪತ್ರೆಯ ತಣ್ಣಗಿನ ನೀರಿನಂಥದ್ದು, ಉಗುರಿಗಿಂತ ಚಿಕ್ಕ ಕಪ್ಪು ಹರಳು. ಅದರೊಳಗೆ ಜೋಡಿ ಮುರಿದ ಎಲೆಕ್ಟ್ರಾನುಗಳ ಒಂದು ಮೊಳದ ಹೊತ್ತು ನಮ್ಮ ಕಣ್ಣಮುಂದೆ ಗೆರೆಯಾಗಿ ನಿಂತಿತ್ತು. ಸೃಷ್ಟಿಯಲ್ಲಿ ಇಷ್ಟು ಚುರುಕಾಗಿ ಏನೋ ಸದಾ ನಡೆಯುತ್ತಲೇ ಇದೆ, ನಾವು ಅದರ ನಡುವೆಯೇ ಅನ್ನ ಬೇಯಿಸಿ, ನೂಲು ಸುತ್ತಿ, ಜಗಳವಾಡಿ ಬದುಕುತ್ತೇವೆ ಎಂದು ಆಗ ಹೊಳೆಯಿತು. ದೇವರ ಮುಂದೆಯೂ ನಾನು ಅಷ್ಟು ಚಿಕ್ಕವಳಾಗಿ ನಿಂತಿರಲಿಲ್ಲ.

“ಮುಗೀತಾ?” ಎಂದರು ತಾತ, ಎಲೆಯನ್ನು ವಾಪಸ್ ಇಸಿದುಕೊಂಡು. ಅದನ್ನು ಹಿಂದೆಮುಂದೆ ತಿರುಗಿಸಿ ನೋಡಿ, ಬಾಯಿಗೆ ಹಾಕಿಕೊಳ್ಳದೆ ಕಣ್ಣಿಗೊತ್ತಿ ಚೀಲದಲ್ಲಿಟ್ಟರು.

ನಾನು ಕಿಟಕಿಯಿಂದ ಸೆರಗು ಬೀಸಿದೆ. ಅಪ್ಪ ಕೈ ಎತ್ತಿದರು, ಮನೆಯೊಳಗೆ ಹೋದರು. ಮೊದಲು ನಮ್ಮ ತರಿ. ಆಮೇಲೆ ಪಕ್ಕದ್ದು. ಆಮೇಲೆ ಎದುರಿನದು. ಸದ್ದು ಬೀದಿಯುದ್ದಕ್ಕೂ ಓಡಿತು. ಸಾರ್ ಸ್ಕೋಪ್ ಆರಿಸಲು ಹೋದರು, ನಾನು, “ಬೇಡ ಸಾರ್, ಸ್ವಲ್ಪ ಇರಲಿ” ಎಂದೆ. ಪರದೆಯ ನೇರ ಗೆರೆ ಮೊದಲು ಒಂದಿಷ್ಟು ಕಂಪಿಸಿತು. ಅದು ಅಪ್ಪನದು. ಆಮೇಲೆ ಒಂದೊಂದೇ ಮನೆ ಬಂದು ಸೇರಿ ಹುಲ್ಲು ಬೆಳೆಯಿತು. ಅಷ್ಟು ದಿನ ಅದನ್ನು ಶಪಿಸಿದ್ದೆ, ಅವತ್ತು ಕೈಮುಗಿಯಬೇಕು ಅನ್ನಿಸಿತು.

ಮದರಾಸಿನ ಆ ದೊಡ್ಡವರಿಗೆ ಸಾರ್ ಫೋಟೋಗಳನ್ನು ಕಳಿಸಿದರು. ಅವರು ಒಪ್ಪಿದರು, ಸಂತೋಷದಿಂದಲೇ. ಮುಂದೆ ನನ್ನ ಪಿಎಚ್‌ಡಿ ಆಯಿತು, ಮದುವೆ ಆಯಿತು, ಮೈಸೂರಿನ ಕಾಲೇಜಿನಲ್ಲಿ ಪಾಠ ಮಾಡುತ್ತಾ ಮಾಡುತ್ತಾ ಕನ್ನಡ ಬರೆಯಲೂ ಕಲಿತೆ. ನಮ್ಮ ಹರಳಿಗಿಂತ ಸಾವಿರ ಪಟ್ಟು ಚುರುಕಾದವು ಈಗ ಬಂದಿವೆ. ಸಾರ್ ಇಲ್ಲ. ತಾತ ಇಲ್ಲ. ಅಪ್ಪ ಹೋಗಿ ನಾಲ್ಕು ವರ್ಷವಾಯಿತು.

ತರಿಗಳು ಒಂದೊಂದಾಗಿ ಗುಜರಿಗೆ ಹೋದವೆಂದು ತಮ್ಮ ಫೋನಿನಲ್ಲಿ ಹೇಳಿದ್ದ. ಕೇಳಿದ್ದೆ, ಅಷ್ಟೇ. ಹೋದ ತಿಂಗಳು ಅದುರದ ನೆಲದ ಮೇಲೆ ನಿಂತಾಗಲೇ ಅದು ನನಗೆ ನಿಜವಾಗಿ ಮುಟ್ಟಿದ್ದು. ಅವತ್ತಿನ ಮೌನ ಬೀದಿಯವರೆಲ್ಲ ಸೇರಿ ನನಗೆ ಕೊಟ್ಟದ್ದು. ಇದನ್ನು ಯಾರೂ ಯಾರಿಗೂ ಕೊಟ್ಟಿರಲಿಲ್ಲ. ತಡೆಯಲಾಗಲಿಲ್ಲ ನನಗೆ. ಹಿಂದೆ ತರಿಗಳ ಸದ್ದು ಮೀರಿ ಕೂಗುತ್ತಿದ್ದ ಹಾಗೆಯೇ, ಬೀದಿಯ ನಡುವೆ ನಿಂತು, ಗಂಟಲು ಹರಿಯುವಂತೆ ತಮ್ಮನ ಹೆಸರು ಹಿಡಿದು ಕೂಗಿದೆ.

ಬಾಗಿಲುಗಳು ತೆರೆದವು. ಅಲ್ಲಲ್ಲಿ ಮುಖಗಳು ಹೊರಗೆ ಇಣುಕಿದವು. ತಮ್ಮ ಬರಿಗಾಲಲ್ಲಿ ಓಡಿ ಬಂದು ಬ್ಯಾಗು ಇಸಿದುಕೊಂಡ.

“ಯಾಕಕ್ಕಾ ಇಂಗ್ ಕೂಗ್ತೀಯಾ?” ಎಂದ. “ಈಗ ಮೆಲ್ಲಗೆ ಕರೆದ್ರೂ ಕೇಳಿಸ್ತದೆ.”